ಹೆಣಿಗೆ ಮುಗಿದಿದೆ, ಸ್ವೆಟರ್ ಮುಗಿದಿಲ್ಲ

ಪ್ರಶ್ನೆ: ಕೆಲಸದಿಂದ ನಿವೃತ್ತಳಾದ ಮೇಲೆ ಹೆಣಿಗೆ ಕಲಿತವಳು ನಾನು. ಊರು ಶಿವಮೊಗ್ಗ. ಟೊರಾಂಟೋದಲ್ಲಿರುವ ಮೊಮ್ಮಗನಿಗೆ ಎರಡು ವರ್ಷ ತುಂಬುತ್ತದೆಂದು ಮುಂದೆ ಗುಂಡಿ ಹಾಕುವ ಸ್ವೆಟರ್ ಹೆಣೆದೆ. ಉಣ್ಣೆಯನ್ನು ಮಗಳೇ ಅಲ್ಲಿಂದ ತಂದಿದ್ದಳು. ಲೇಬಲ್ ಮೇಲೆ ಸೂಪರ್‌ವಾಶ್ ಮೆರಿನೊ, ಉಂಡೆಗೆ 50 ಗ್ರಾಂ, 110 ಮೀಟರ್ ಎಂದಿದೆ. ಬೆನ್ನು, ಎರಡು ಮುಂಭಾಗ, ಎರಡು ತೋಳು, ಐದೂ ತುಂಡು ಮುಗಿದು ಒಂದೂವರೆ ತಿಂಗಳಾಯಿತು. ಜೋಡಿಸಲು ಕೈ ಏಳುತ್ತಿಲ್ಲ. ಅಂಚುಗಳೆಲ್ಲ ಚಾಪೆಯಂತೆ ಸುರುಳಿ ಸುತ್ತಿಕೊಂಡಿವೆ, ಬಲ ಮುಂಭಾಗ ಎಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಕಾಣುತ್ತದೆ. ಕತ್ತಿನ ಪಟ್ಟಿ, ಗುಂಡಿ ಪಟ್ಟಿ ಇನ್ನೂ ಬಾಕಿ. ಈ ನಡುವೆ ಮುಂದೇನು ಹೆಣೆಯುವುದು ಎಂಬುದೂ ತಲೆ ತಿನ್ನುತ್ತಿದೆ. ಎರಡೂವರೆ ಉಂಡೆ ಉಳಿದಿದೆ. ಮಗಳು ಒಂದು ಲೇಸ್ ಶಾಲಿನ ಅಮೆರಿಕನ್ ಪ್ಯಾಟರ್ನ್ ಕಳಿಸಿದ್ದಾಳೆ. ಅದರಲ್ಲಿ 8ನೇ ನಂಬರ್ ಕಡ್ಡಿ ಎಂದಿದೆ, ಸ್ವೆಟರ್ ಹೆಣೆದದ್ದೂ ನಮ್ಮ ಅಂಗಡಿಯ 8ನೇ ನಂಬರಿನಲ್ಲೇ. ಗೆಳತಿ ಸಾಕ್ಸ್ ಹೆಣಿ ಎನ್ನುತ್ತಾಳೆ. ಚಳ್ಳಕೆರೆಯ ನೆಂಟರು ಕುರಿ ಉಣ್ಣೆಯ ನೂಲು ಕೊಡುತ್ತೇವೆ ಎನ್ನುತ್ತಾರೆ. ನಮ್ಮೂರ ಸೆಕೆಗೆ ಉಣ್ಣೆ ಯಾರಿಗೆ ಬೇಕು ಎಂದೂ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಇವತ್ತು ಸೂಜಿ ಹಿಡಿಯಬೇಡಿ, ಫೋನ್ ಹಿಡಿಯಿರಿ. ಮಗುವಿನ ಮೂರು ಅಳತೆ ಬೇಕೆಂದು ಮಗಳಿಗೆ ಹೇಳಿ: ಎದೆಯ ಸುತ್ತಳತೆ, ಕಂಕುಳಿನಿಂದ ಮಣಿಕಟ್ಟಿನವರೆಗೆ ತೋಳಿನ ಉದ್ದ, ತಲೆಯ ಸುತ್ತಳತೆ. ಮೊದಲೆರಡು ಸ್ವೆಟರಿಗೆ, ಮೂರನೆಯದು ಯಾಕೆಂದು ಆಮೇಲೆ ಹೇಳುತ್ತೇನೆ. ಎರಡು ವರ್ಷದ ಮಗುವಿನ ಎದೆ ಸುಮಾರು 53 ಸೆಂ.ಮೀ. ಇರುತ್ತದೆ. ಒಳಗೆ ಒಂದೆರಡು ಬಟ್ಟೆ ಹಾಕಿದ ಮೇಲೂ ಆರಾಮಾಗಿ ಕೂರಬೇಕಾದರೆ ಸ್ವೆಟರಿನ ಸುತ್ತಳತೆ 58ರಿಂದ 60 ಇರಬೇಕು. ಮಕ್ಕಳು ಅಡ್ಡಕ್ಕಿಂತ ಉದ್ದಕ್ಕೆ ಬೇಗ ಬೆಳೆಯುತ್ತಾರೆ, ಹಾಗಾಗಿ ಮೊದಲು ಸಾಲದೆ ಹೋಗುವುದು ತೋಳು. ಒಂದೂವರೆ ತಿಂಗಳು ಚೀಲದಲ್ಲಿದ್ದ ತೋಳು ಈಗ ಎರಡು ಸೆಂ.ಮೀ. ಗಿಡ್ಡವಾಗಿದ್ದರೆ ಸರಿಪಡಿಸಲು ಇದೇ ಸಮಯ. ಮಣಿಕಟ್ಟಿನ ರಿಬ್‌ನ (ಸೀದಾ, ಉಲ್ಟಾ ಕುಣಿಕೆಗಳನ್ನು ಪಕ್ಕಪಕ್ಕ ಹೆಣೆದ ಪಟ್ಟಿ) ಶುರುವಿನ ಅಂಚಿನಿಂದ ಕುಣಿಕೆಗಳನ್ನು ಎತ್ತಿಕೊಂಡು ಕೆಳಮುಖವಾಗಿ ಮೂರು ಸೆಂ.ಮೀ. ರಿಬ್ ಸೇರಿಸಿ. ಕೂಡಿದ ಜಾಗದಲ್ಲಿ ರಿಬ್ ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಮಡಚಿ ಹಾಕಿದರೆ ಅದು ಒಳಗೆ ಹೋಗುತ್ತದೆ, ಕೈ ಬೆಳೆದಾಗ ಬಿಚ್ಚಿ ಬಿಡಬಹುದು. ತೋಳು ಹೊಲಿದ ಮೇಲೂ ಇದನ್ನು ಮಾಡಬಹುದು, ಆದರೆ ಕೆಲಸ ಎರಡರಷ್ಟು.

ಕೈ ಏಳುತ್ತಿಲ್ಲ ಎಂದಿರಿ. ಇದು ಸೋಮಾರಿತನ ಅಲ್ಲ. ಹೆಣೆಯುವಾಗ ತಪ್ಪಿದರೆ ಬಿಚ್ಚಿದರಾಯಿತು, ನೂಲು ಎಲ್ಲಿಗೂ ಹೋಗುವುದಿಲ್ಲ. ಜೋಡಿಸಲು ಕೂತಾಗ ಮಾತ್ರ ಇಷ್ಟು ದಿನದ ಕೆಲಸವನ್ನು ಒಂದು ಸಂಜೆಯಲ್ಲಿ ಕೆಡಿಸಿಬಿಡುತ್ತೇನೋ ಎಂಬ ಹೆದರಿಕೆ ಬರುತ್ತದೆ. ನನಗೂ ಬಂದಿತ್ತು. ಹೆಣಿಗೆಯನ್ನು ನಾನು ಕಲಿತದ್ದು ಮಡಿಕೇರಿಯಲ್ಲಿ, ಅಮ್ಮನ ಪಕ್ಕದಲ್ಲಿ ಕೂತು. ನನ್ನ ಮೊದಲ ಸ್ವೆಟರಿನ ತುಂಡುಗಳನ್ನು ಅವಸರದಲ್ಲಿ ತೊಳೆಯದೆಯೇ ಹೊಲಿದುಬಿಟ್ಟೆ, ಅದೂ ನೂಲನ್ನು ಬಿಗಿಯಾಗಿ ಎಳೆದೆಳೆದು. ಮೊದಲ ಸಲ ಒಗೆದಾಗ ಮೈ ಉದ್ದವಾಯಿತು, ಹೊಲಿಗೆ ಉದ್ದವಾಗಲಿಲ್ಲ. ಎರಡೂ ಪಕ್ಕ ನೆರಿಗೆ ಬಿದ್ದು ಕೂತಿತು. ಅಮ್ಮ ಏನೂ ಹೇಳಲಿಲ್ಲ. ಸಣ್ಣ ಕತ್ತರಿ ತಂದು ಪಕ್ಕದಲ್ಲಿ ಕೂತರು, ಇಬ್ಬರೂ ಸೇರಿ ಹೊಲಿಗೆಯನ್ನಷ್ಟೇ ಬಿಚ್ಚಿದೆವು. ಹೆಣಿಗೆಗೆ ಒಂದೆಳೆ ಪೆಟ್ಟಾಗಲಿಲ್ಲ. ಹೊಲಿಗೆಯನ್ನೂ ಬಿಚ್ಚಬಹುದು ಎಂದು ಆ ಸಂಜೆ ಗೊತ್ತಾಯಿತು, ಆಮೇಲೆ ನಾನು ಹೆದರಿದ್ದಿಲ್ಲ.

ಸುರುಳಿಯ ವಿಷಯ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ಮೈಗೆ ಮುಖ ಮಾಡಿರುತ್ತವೆ. ಎರಡು ಮೈಯ ಎಳೆತ ಒಂದೇ ಸಮ ಇರುವುದಿಲ್ಲ. ಅದಕ್ಕೇ ಪಕ್ಕದ ಅಂಚುಗಳು ಉಲ್ಟಾ ಮೈ ಕಡೆಗೂ ಮೇಲಿನ, ಕೆಳಗಿನ ಅಂಚುಗಳು ಸೀದಾ ಮೈ ಕಡೆಗೂ ಸುತ್ತಿಕೊಳ್ಳುತ್ತವೆ. ಇದು ಆ ಹೆಣಿಗೆಯ ಗುಣ, ನಿಮ್ಮ ಕೈಯ ದೋಷ ಅಲ್ಲ. ರಿಬ್ಬಿನಲ್ಲಿ ಸೀದಾ, ಉಲ್ಟಾ ಪಕ್ಕಪಕ್ಕ ಇರುವುದರಿಂದ ಎಳೆತ ಸಮವಾಗುತ್ತದೆ. ನಿಮ್ಮ ಸ್ವೆಟರಿನ ಕೆಳಗಿನ ಪಟ್ಟಿ ಸುತ್ತಿಕೊಂಡಿಲ್ಲ, ನೋಡಿ. ಪಕ್ಕದ ಅಂಚುಗಳು ಹೊಲಿಗೆಯೊಳಗೆ ಹೋಗುತ್ತವೆ, ಮುಂದಿನ ಅಂಚುಗಳಿಗೆ ಗುಂಡಿ ಪಟ್ಟಿ ಬರುತ್ತದೆ. ಆಮೇಲೆ ಸುತ್ತಿಕೊಳ್ಳಲು ಜಾಗವೇ ಇರುವುದಿಲ್ಲ.

ಒಂದು ಸೆಂ.ಮೀ. ವ್ಯತ್ಯಾಸಕ್ಕೆ ಟೇಪ್ ನಂಬಬೇಡಿ, ಸಾಲು ಎಣಿಸಿ. ಎರಡೂ ಮುಂಭಾಗಗಳಲ್ಲಿ ರಿಬ್ ಮುಗಿದಲ್ಲಿಂದ ಕಂಕುಳಿನ ಇಳಿಕೆ (ಕುಣಿಕೆ ಕಡಿಮೆ ಮಾಡುವುದು) ಶುರುವಾಗುವವರೆಗೆ ಒಂದರ ಮೇಲೊಂದು ಕೂತ 'ವಿ' ಆಕಾರಗಳನ್ನು ಎಣಿಸಿ. ಎಣಿಕೆ ಒಂದೇ ಬಂದರೆ ಒಂದು ತುಂಡು ಹೆಣೆಯುವಾಗ ನಿಮ್ಮ ಕೈ ಸ್ವಲ್ಪ ಸಡಿಲ ಇತ್ತು ಅಷ್ಟೇ, ತೊಳೆದಾಗ ಸರಿಹೋಗುತ್ತದೆ. ಎರಡು ಸಾಲು ಹೆಚ್ಚಿದ್ದರೆ ಪಕ್ಕ ಹೊಲಿಯುವಾಗ ಎರಡು ಕಡೆ ಉದ್ದದ ಬದಿಯಿಂದ ಎರಡೆಳೆ, ಗಿಡ್ಡದ ಬದಿಯಿಂದ ಒಂದೆಳೆ ತೆಗೆದುಕೊಂಡರೆ ಕಾಣದಂತೆ ಮುಚ್ಚಿಹೋಗುತ್ತದೆ. ನಾಲ್ಕು ಅಥವಾ ಹೆಚ್ಚು ಸಾಲಿದ್ದರೆ ದಯವಿಟ್ಟು ಬಿಚ್ಚಿ. ಕಂಕುಳಿನಿಂದ ಮೇಲಿನ ಭಾಗ ಮುಂಭಾಗದಲ್ಲಿ ಕಿರಿದಾಗಿರುತ್ತದೆ, ಮತ್ತೆ ಹೆಣೆಯಲು ಎರಡು ಸಂಜೆ ಸಾಕು. ಬಿಚ್ಚದೆ ಬಿಟ್ಟರೆ ಗುಂಡಿ ಹಾಕಿದಾಗಲೆಲ್ಲ ಒಂದು ಕಡೆ ಉಬ್ಬಿ ನಿಲ್ಲುತ್ತದೆ.

ಈಗ ತೊಳೆಯುವುದು. ಹೆಣಿಗೆ ಬಲ್ಲವರು ಬ್ಲಾಕಿಂಗ್ ಎನ್ನುವುದು ಇದಕ್ಕೇ: ಒದ್ದೆ ಮಾಡಿ, ಅಳತೆಗೆ ಹರಡಿ, ಒಣಗಲು ಬಿಡುವುದು. ಹೊಲಿಯುವ ಮೊದಲೇ, ತುಂಡು ತುಂಡಾಗಿ. ತಲೆಗೂದಲನ್ನು ಒದ್ದೆ ಇದ್ದಾಗ ಬಿಗಿಯಾಗಿ ಜಡೆ ಹಾಕಿ ಒಣಗಿದ ಮೇಲೆ ಬಿಚ್ಚಿದರೆ ಗುಂಗುರು ನಿಲ್ಲುತ್ತದಲ್ಲ, ಉಣ್ಣೆಯದೂ ಅದೇ ಕತೆ. ಕೂದಲು, ಉಣ್ಣೆ ಎರಡೂ ಕೆರಾಟಿನ್. ನೀರು ಎಳೆಯೊಳಗೆ ಹೊಕ್ಕಾಗ ಅಲ್ಲಿನ ಸೂಕ್ಷ್ಮ ಬಂಧಗಳು ಸಡಿಲಾಗುತ್ತವೆ, ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಏರುಪೇರಾದ ಕುಣಿಕೆಗಳು ಪಕ್ಕದವುಗಳೊಂದಿಗೆ ನೂಲು ಹಂಚಿಕೊಂಡು ಸಮವಾಗುತ್ತವೆ. ಮೊದಲ ಸಲ ನೋಡಿದವರಿಗೆ ಇದು ತಮ್ಮದೇ ಹೆಣಿಗೆ ಎಂದು ನಂಬಲಾಗುವುದಿಲ್ಲ.

ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಉಣ್ಣೆಗೆಂದೇ ಸಿಗುವ ಸೌಮ್ಯ ಲಿಕ್ವಿಡ್ ಒಂದೆರಡು ಹನಿ. ಅಂಟುವಾಳ ಕಾಯಿಯ ನೀರೂ ಒಳ್ಳೆಯದೇ, ರೇಷ್ಮೆ ಸೀರೆಗೆ ಬಳಸುತ್ತೀರಲ್ಲ. ಆದರೆ ಬಿಳಿ ಅಥವಾ ತಿಳಿ ಬಣ್ಣವಾದರೆ ಬೇಡ, ಕಂದು ಛಾಯೆ ಹಿಡಿಯಬಹುದು. ತುಂಡುಗಳನ್ನು ಮುಳುಗಿಸಿ ಇಪ್ಪತ್ತು ನಿಮಿಷ ಬಿಡಿ. ಉಜ್ಜಬೇಡಿ, ಹಿಂಡಬೇಡಿ. ಉಣ್ಣೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ (ಹತ್ತಿ ಇದಕ್ಕೆ ತದ್ವಿರುದ್ಧ, ಒದ್ದೆಯಾದರೆ ಗಟ್ಟಿ). ಆದ್ದರಿಂದ ಒಂದು ಮೂಲೆ ಹಿಡಿದು ನೇತಾಡಿಸಿ ಎತ್ತದೆ, ಎರಡೂ ಅಂಗೈಯಲ್ಲಿ ಹಸುಗೂಸನ್ನು ಎತ್ತುವಂತೆ ಎತ್ತಿ, ಒಣ ಟವೆಲಿನಲ್ಲಿ ಹಾಸಿ ಸುತ್ತಿ, ಮೇಲೆ ನಿಂತು ಒತ್ತಿ.

ನಿಮ್ಮದು ಸೂಪರ್‌ವಾಶ್ ಆದ್ದರಿಂದ ಒಂದು ಎಚ್ಚರಿಕೆ. ಸಾಮಾನ್ಯ ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಾಗುತ್ತದೆ. ಸೂಪರ್‌ವಾಶ್ ಉಣ್ಣೆಯಲ್ಲಿ ಆ ಹುರುಪೆಗಳನ್ನು ಸಂಸ್ಕರಿಸಿ ನುಣುಪು ಮಾಡಿರುತ್ತಾರೆ. ಮಷಿನ್ನಿಗೆ ಹಾಕಿದರೂ ಕುಗ್ಗುವುದಿಲ್ಲ, ಕೆನಡಾದ ಚಳಿಗಾಲದಲ್ಲಿ ಪುಟ್ಟ ಮಗುವನ್ನು ಸಾಕುವ ತಾಯಿಗೆ ಅದು ದೊಡ್ಡ ಅನುಕೂಲ. ಆದರೆ ಹಿಡಿತ ಕಳೆದುಕೊಂಡ ಎಳೆ ಒದ್ದೆಯಾದಾಗ ಜಾರಿ ಉದ್ದವಾಗುತ್ತದೆ. ನೀರಿನಿಂದ ತೆಗೆದ ತೋಳು ನಿಮ್ಮ ತೋಳಿಗೇ ಆಗುವಷ್ಟು ಉದ್ದ ಕಂಡರೆ ಗಾಬರಿಯಾಗಬೇಡಿ. ಚಾಪೆಯ ಮೇಲೆ ಟವೆಲ್ ಹಾಸಿ, ಅಂಗೈಯಿಂದ ತಟ್ಟಿ ತಟ್ಟಿ ಅಳತೆಗೆ ಒಳಕ್ಕೆ ತನ್ನಿ, ತುಕ್ಕು ಹಿಡಿಯದ ಪಿನ್ ಚುಚ್ಚಿ. ಎರಡು ಮುಂಭಾಗಗಳನ್ನು ಬೆನ್ನಿನ ಪಕ್ಕದಲ್ಲೇ ಇಟ್ಟು ಅದರ ಉದ್ದಕ್ಕೆ ಹೊಂದಿಸಿ. ಮಕ್ಕಳ ಆಟಕ್ಕೆ ಸಿಗುವ, ಒಂದಕ್ಕೊಂದು ಕೂಡಿಸುವ ಫೋಮ್ ಚಾಪೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಫ್ಯಾನಿನ ಕೆಳಗೆ ಒಣಗಲಿ, ಬಿಸಿಲಿಗೆ ಬೇಡ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಾಗಾಗಿ ಒಣಗಿದೆ ಎಂದು ಕೈ ಹೇಳಿದ ಮೇಲೂ ಇನ್ನೊಂದು ದಿನ ಬಿಡಿ. ಶಿವಮೊಗ್ಗದ ಮಳೆಗಾಲದಲ್ಲಾದರೆ ಎರಡು ದಿನ, ಕೆಳಗಿನ ಟವೆಲ್ ಬದಲಿಸುತ್ತಾ.

(ಇದನ್ನು ಓದುವ ಬೇರೆಯವರಿಗೆ: ನಮ್ಮ ಅಂಗಡಿಗಳಲ್ಲಿ 'ಉಣ್ಣೆ' ಎಂದು ಮಾರುವ ನೂಲು ಹೆಚ್ಚಾಗಿ ಅಕ್ರಿಲಿಕ್. ಬರೀ ನೀರಿಗೆ ಅದು ಆಕಾರ ಹಿಡಿಯುವುದಿಲ್ಲ. ಇಸ್ತ್ರಿಯ ಹಬೆಯನ್ನು ಎರಡು ಬೆರಳು ದೂರದಿಂದ ಹಾಯಿಸಿ, ಅಷ್ಟೇ. ಇಸ್ತ್ರಿ ತಾಗಿದರೆ ಹೆಣಿಗೆಯ ಪುಟಿತ ಸತ್ತು ಜೋತುಬೀಳುತ್ತದೆ, ಅದನ್ನು ಮತ್ತೆ ಬದುಕಿಸುವ ದಾರಿ ಇಲ್ಲ.)

ಹೊಲಿಗೆಗೆ ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಮೊದಲು ಎರಡೂ ಭುಜ, ಆಮೇಲೆ ಕತ್ತಿನ ಪಟ್ಟಿ, ಆಮೇಲೆ ಮುಂದಿನ ಗುಂಡಿ ಪಟ್ಟಿಗಳು. ಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗಲೇ ಪಟ್ಟಿಗಳನ್ನು ಮುಗಿಸಿಕೊಂಡರೆ ಕೈಗೆ ಸಲೀಸು. ಅದಾದ ಮೇಲೆ ತೋಳಿನ ಮೇಲ್ತುದಿಯನ್ನು ಭುಜಕ್ಕೆ ಕೂಡಿಸಿ, ಕೊನೆಗೆ ಮಣಿಕಟ್ಟಿನಿಂದ ಕಂಕುಳು, ಕಂಕುಳಿನಿಂದ ಸೊಂಟ, ಒಂದೇ ಓಟದ ಹೊಲಿಗೆ. ಎರಡೂ ತುಂಡುಗಳನ್ನು ಸೀದಾ ಮೈ ಮೇಲೆ ಬರುವಂತೆ ಪಕ್ಕಪಕ್ಕ ಮಲಗಿಸಿ. ಅಂಚಿನ ಕುಣಿಕೆಗೂ ಅದರ ಪಕ್ಕದ ಕುಣಿಕೆಗೂ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ. ಎಡದಿಂದ ಒಂದು, ಬಲದಿಂದ ಒಂದು, ಹೀಗೆ ಮೊಂಡು ಸೂಜಿಯಿಂದ ಎತ್ತುತ್ತಾ ಹೋಗಿ. ಐದು ಸೆಂ.ಮೀ.ಗೊಮ್ಮೆ ನೂಲನ್ನು ಮೆಲ್ಲಗೆ ಎಳೆದರೆ ಎರಡೂ ಅಂಚು ಮುಚ್ಚಿಕೊಂಡು ಹೊಲಿಗೆ ಮಾಯವಾಗುತ್ತದೆ. ಎಳೆದ ಮೇಲೆ ಬಟ್ಟೆಯನ್ನು ಉದ್ದಕ್ಕೆ ಒಮ್ಮೆ ಜಗ್ಗಿ ಬಿಡಿ. ನನ್ನ ಮೊದಲ ಸ್ವೆಟರಿನಲ್ಲಿ ತಪ್ಪಿದ್ದು ಆ ಜಗ್ಗುವಿಕೆ.

ಗುಂಡಿ ಪಟ್ಟಿಯ ಲೆಕ್ಕ ಬಹಳ ಜನರಿಗೆ ತೊಡಕು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ನೂಲು, ಕಡ್ಡಿಗೆ 10 ಸೆಂ.ಮೀ.ಯಲ್ಲಿ ಅಡ್ಡಕ್ಕೆ ಸುಮಾರು 22 ಕುಣಿಕೆ, ಉದ್ದಕ್ಕೆ 30 ಸಾಲು ಬರಬೇಕು. ತೊಳೆದ ಬೆನ್ನಿನ ಮೇಲೆ ಎಣಿಸಿ ಖಚಿತ ಮಾಡಿಕೊಳ್ಳಿ. ಅಂಚಿನ ಉದ್ದಕ್ಕೂ ಕುಣಿಕೆ ಎತ್ತುವಾಗ ಪ್ರತಿ ಸಾಲಿಗೊಂದು ಎತ್ತಿದರೆ 10 ಸೆಂ.ಮೀ. ಜಾಗದಲ್ಲಿ 30 ಕುಣಿಕೆ ತುರುಕಿದಂತಾಗಿ ಪಟ್ಟಿ ಲಂಗದಂತೆ ಅಲೆಯಾಡುತ್ತದೆ. 30ಕ್ಕೆ 22 ಎಂದರೆ ಹತ್ತಿರಹತ್ತಿರ ನಾಲ್ಕಕ್ಕೆ ಮೂರು. ಮೂರು ಸಾಲಿಗೆ ಒಂದೊಂದು ಎತ್ತಿ, ನಾಲ್ಕನೆಯದನ್ನು ಬಿಡಿ. ನಿಮ್ಮ ಮುಂಭಾಗ 30 ಸೆಂ.ಮೀ. ಇದ್ದರೆ 90 ಸಾಲು, 67 ಕುಣಿಕೆ. ಎರಡು ಸೀದಾ ಎರಡು ಉಲ್ಟಾ ರಿಬ್ ಎರಡೂ ತುದಿಯಲ್ಲಿ ಒಂದೇ ರೀತಿ ಮುಗಿಯಲು 66 ಮಾಡಿಕೊಳ್ಳಿ. ಮೊದಲು ಗುಂಡಿ ಕೂರುವ ಬದಿಯ ಪಟ್ಟಿ, ಆಮೇಲೆ ಕಾಜದ ಪಟ್ಟಿ. ಗಂಡುಮಕ್ಕಳ ಉಡುಪಿನಲ್ಲಿ ಕಾಜ ಎಡಕ್ಕೆ. ಐದು ಗುಂಡಿಗೆ ಹೀಗೆ ಹಂಚಿ: ತುದಿಯಲ್ಲಿ 4 ಕುಣಿಕೆ, ಕಾಜಕ್ಕೆ 2, ನಡುವೆ 12, ಮತ್ತೆ ಕಾಜಕ್ಕೆ 2, ಹೀಗೇ ಸಾಗಿ ಕೊನೆಗೆ 4. ಕೂಡಿ ನೋಡಿ, 66 ಸರಿಯಾಗಿ ಬರುತ್ತದೆ. ಗುಂಡಿಗಳನ್ನು ಉಣ್ಣೆಯಲ್ಲಿ ಹೊಲಿಯಬೇಡಿ, ಗಟ್ಟಿ ದಾರ ಬಳಸಿ. ಎರಡು ವರ್ಷದ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಹೊಲಿದ ಮೇಲೆ ಪ್ರತಿಯೊಂದನ್ನೂ ಜೋರಾಗಿ ಎಳೆದು ನೋಡಿ.

ನೂಲಿನ ತುದಿಗಳನ್ನು ಗಂಟು ಹಾಕಿ ಕತ್ತರಿಸಬೇಡಿ. 15 ಸೆಂ.ಮೀ. ಬಾಲ ಬಿಟ್ಟು, ಉಲ್ಟಾ ಮೈಯಲ್ಲಿ ಒಂದು ದಿಕ್ಕಿಗೆ ನಾಲ್ಕೈದು ಸೆಂ.ಮೀ., ಮತ್ತೆ ತಿರುಗಿ ಅಷ್ಟೇ ದೂರ ನುಗ್ಗಿಸಿ. ಸೂಪರ್‌ವಾಶ್ ಜಾರುವ ನೂಲು, ಮೂರನೆಯ ಸಲ ತಿರುಗಿಸಿದರೂ ತಪ್ಪಿಲ್ಲ. ತೋಳಿನೊಳಗೆ ಸಡಿಲ ಬಾಲ ಉಳಿದರೆ ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ, ಅಲ್ಲಿ ಇನ್ನಷ್ಟು ಜಾಗ್ರತೆ.

ಇನ್ನು ಮುಂದಿನದು. ಸ್ವೆಟರ್ ಮುಗಿಸುವುದು, ಮುಂದೇನು ಹೆಣೆಯುವುದು, ಈ ಎರಡನ್ನು ನೀವು ಬೇರೆಬೇರೆ ಪ್ರಶ್ನೆಯಾಗಿ ಕೇಳಿದ್ದೀರಿ, ನನಗೆ ಅವು ಒಂದೇ. ತೊಳೆದು ಒಣಗಿದ ನಿಮ್ಮ ಸ್ವೆಟರಿನ ಬೆನ್ನು ಇದೆಯಲ್ಲ, ಅಷ್ಟು ದೊಡ್ಡ, ಅಷ್ಟು ಪ್ರಾಮಾಣಿಕವಾದ ಸ್ವಾಚ್ (ಅಳತೆ ನೋಡಲು ಹೆಣೆಯುವ ಮಾದರಿ ತುಂಡು) ನಿಮಗೆ ಎಲ್ಲೂ ಸಿಗುವುದಿಲ್ಲ. ಈ ನೂಲು, ಈ ಕಡ್ಡಿ, ನಿಮ್ಮ ಕೈಬಿಗಿ ಸೇರಿದರೆ ಎಷ್ಟು ಕುಣಿಕೆ ಬರುತ್ತದೆ, ತೊಳೆದ ಮೇಲೆ ಎಷ್ಟು ಹಿಗ್ಗುತ್ತದೆ, ಎಲ್ಲ ಅದರ ಮೇಲೆ ಬರೆದಿದೆ. ಅದನ್ನು ಬಿಟ್ಟು ಚಿತ್ರ ನೋಡಿ ಮುಂದಿನದನ್ನು ಆರಿಸಿದರೆ ಕಲಿತದ್ದನ್ನೆಲ್ಲ ಬದಿಗಿಟ್ಟು ಮತ್ತೆ ಒಂದರಿಂದ ಎಣಿಸಿದಂತೆ. ಎರಡೇ ಕುಣಿಕೆಯ ವ್ಯತ್ಯಾಸ ಏನು ಮಾಡುತ್ತದೆ ನೋಡಿ: 90 ಸೆಂ.ಮೀ. ಸ್ವೆಟರಿಗೆ 22ರ ಲೆಕ್ಕದಲ್ಲಿ 198 ಕುಣಿಕೆ ಹಾಕಿ, ಕೈ 20ರ ಹದದಲ್ಲಿ ಹೆಣೆದರೆ 99 ಸೆಂ.ಮೀ. ಆಗುತ್ತದೆ. ಮನೆಯವರಿಗೆಂದು ಹೆಣೆದದ್ದು ನೆರೆಮನೆಯವರಿಗೆ ಆಗುವುದು ಹೀಗೇ.

ಆದ್ದರಿಂದ ಮುಂದಿನದು ಮೊಮ್ಮಗನಿಗೇ ಟೋಪಿ, ಇದೇ ನೂಲಿನಲ್ಲಿ. ಮೂರನೆಯ ಅಳತೆ ತರಿಸಿದ್ದು ಇದಕ್ಕೆ. ಹೊಸದಾಗಿ ಕಲಿಯುವುದು ಒಂದೇ ಇರಲಿ, ಸುತ್ತಿನಲ್ಲಿ ಹೆಣೆಯುವುದು. ಎರಡು ಕಡ್ಡಿಗಳ ನಡುವೆ ವೈರ್ ಇರುವ 40 ಸೆಂ.ಮೀ. ಸರ್ಕ್ಯುಲರ್ ಕಡ್ಡಿ ಕೊಳ್ಳಿ. ಮೇಲ್ತುದಿಗೆ ಬಂದಾಗ ಎರಡೂ ತುದಿ ಮೊನಚಾದ ನಾಲ್ಕೈದು ಕಡ್ಡಿಗಳ ಸೆಟ್ ಬೇಕಾಗುತ್ತದೆ. ತಲೆ 48 ಸೆಂ.ಮೀ. ಎಂದಿಟ್ಟುಕೊಳ್ಳಿ. ಟೋಪಿ ತಲೆಗಿಂತ ಹತ್ತರಲ್ಲೊಂದು ಪಾಲು ಚಿಕ್ಕದಿದ್ದರೆ ಕಚ್ಚಿ ಕೂರುತ್ತದೆ, ಅಂದರೆ ಸುಮಾರು 43. ಸೆಂ.ಮೀ.ಗೆ 2.2 ಕುಣಿಕೆಯಂತೆ 95. ರಿಬ್ಬಿಗೂ ಮೇಲಿನ ಇಳಿಕೆಗೂ ಒಗ್ಗಲು 96. ಮೂರು ಸೆಂ.ಮೀ. ರಿಬ್, ಎಂಟು ಸೆಂ.ಮೀ. ನೇರ. ಆಮೇಲೆ 96 ಕುಣಿಕೆಗಳನ್ನು 12ರಂತೆ ಎಂಟು ಪಾಲು ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಪಾಲಿನ ಕೊನೆಯ ಎರಡು ಕುಣಿಕೆಗಳನ್ನು ಕೂಡಿಸಿ. ಹನ್ನೊಂದು ಸಲ ಇಳಿಸಿದಾಗ 8 ಉಳಿಯುತ್ತವೆ, ನೂಲನ್ನು ಅವುಗಳೊಳಗೆ ಹಾಯಿಸಿ ಬಿಗಿ ಎಳೆದರೆ ಮುಗಿಯಿತು. ಸುತ್ತಿನಲ್ಲಿ ಉಲ್ಟಾ ಸಾಲೇ ಇರುವುದಿಲ್ಲ, ಕೆಲವರ ಕೈಗೆ ಅದರಿಂದ ಹೆಣಿಗೆ ಸ್ವಲ್ಪ ಬಿಗಿಯಾಗುತ್ತದೆ. ಐದು ಸೆಂ.ಮೀ. ಆದ ಮೇಲೆ ಒಮ್ಮೆ ಅಳೆಯಿರಿ.

ನೂಲು ಸಾಕಾಗುತ್ತದೆಯೇ? ಅಡುಗೆಮನೆಯ ತಕ್ಕಡಿ ತನ್ನಿ. 50 ಗ್ರಾಮಿಗೆ 110 ಮೀಟರ್ ಎಂದರೆ ಗ್ರಾಮಿಗೆ 2.2 ಮೀಟರ್. ಎರಡೂವರೆ ಉಂಡೆ 125 ಗ್ರಾಂ, 275 ಮೀಟರ್. ಟೋಪಿಗೆ ನೂರು ಮೀಟರ್ ಒಳಗೇ ಸಾಕು. ಉಳಿದದ್ದರಲ್ಲಿ ಹೆಬ್ಬೆರಳಿಲ್ಲದ ಪುಟ್ಟ ಕೈಗವಸುಗಳೂ ಆಗುತ್ತವೆ.

ಸಾಕ್ಸ್ ಈಗ ಬೇಡ, ಹೆಣೆಯಬಾರದು ಎಂದಲ್ಲ. ತೆಳು ನೂಲು, 2.25 ಅಥವಾ 2.5 ಮಿ.ಮೀ. ಕಡ್ಡಿ, ಸುತ್ತಿಗೆ ಅರವತ್ತರ ಆಸುಪಾಸು ಕುಣಿಕೆ, ಹಿಮ್ಮಡಿ ತಿರುಗಿಸುವುದು, ಬೆರಳ ತುದಿಯನ್ನು ಹೊಲಿಗೆ ಕಾಣದಂತೆ ಕೂಡಿಸುವುದು, ಇಷ್ಟನ್ನೂ ಒಂದೇ ಸಲ ಕಲಿಯಬೇಕು, ಮುಗಿದ ಮೇಲೆ ಇನ್ನೊಂದು ಹೆಣೆಯಬೇಕು. ಟೋಪಿ ಮಾಡಿದ ಮೇಲೆ ಇದರಲ್ಲಿ ಅರ್ಧ ಕಷ್ಟ ತಾನೇ ಇಳಿದಿರುತ್ತದೆ.

ಲೇಸ್ ಶಾಲಿಗೂ ಸ್ವಲ್ಪ ತಡೆಯಿರಿ. ಯಾವಾಗ ಮಾಡಿದರೂ ಕಡ್ಡಿಯ ನಂಬರಿನಲ್ಲಿ ಮೋಸಹೋಗಬೇಡಿ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರು ಇಂದಿಗೂ ನಡೆಯುತ್ತದೆ. ಅದರಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ಸಣ್ಣ. ನಿಮ್ಮ 8 ಎಂದರೆ 4 ಮಿ.ಮೀ. ಅಮೆರಿಕದ ಎಣಿಕೆ ಇದಕ್ಕೆ ತಿರುಗುಮುರುಗು, ಅಲ್ಲಿನ 8 ಎಂದರೆ 5 ಮಿ.ಮೀ., ಅದು ನಮ್ಮ 6. ಮಗಳು ಕಳಿಸಿದ ಶಾಲನ್ನು ನಿಮ್ಮ 8ರಲ್ಲಿ ಹೆಣೆದರೆ ಶಾಲು ಗಿಡ್ಡವಾಗುತ್ತದೆ, ಲೇಸಿನ ಕಣ್ಣುಗಳೂ ತೆರೆಯುವುದಿಲ್ಲ. ಯಾವ ದೇಶದ ಪ್ಯಾಟರ್ನ್ ಆದರೂ ಮಿಲಿಮೀಟರ್ ಮಾತ್ರ ನೋಡಿ.

ಸೆಕೆಯೂರಿನಲ್ಲಿ ಹೆಣಿಗೆ ಯಾಕೆ ಎಂಬ ನಿಮ್ಮ ಮಾತು ನನ್ನನ್ನು ತುಸು ನೋಯಿಸಿತು, ಯಾಕೆಂದರೆ ಬಹಳ ಜನ ಹೀಗೆಂದುಕೊಂಡೇ ಕಡ್ಡಿ ಕೆಳಗಿಡುತ್ತಾರೆ. ಇಂದು ಉಳಿದಿರುವ ಅತಿ ಹಳೆಯ ನಿಜವಾದ ಹೆಣಿಗೆಯ ತುಂಡುಗಳು ಸಿಕ್ಕಿರುವುದು ಹಿಮದ ನಾಡಿನಲ್ಲಲ್ಲ, ಈಜಿಪ್ಟಿನಲ್ಲಿ. ಅವುಗಳಲ್ಲಿ ನೀಲಿ, ಬಿಳಿ ಹತ್ತಿ ನೂಲಿನ ಕಾಲುಚೀಲಗಳಿವೆ, ಹೆಚ್ಚುಕಡಿಮೆ ಸಾವಿರ ವರ್ಷದ ಆಸುಪಾಸಿನವು. ಹತ್ತಿ ನಮ್ಮದೇ ನೆಲದ ನೂಲು. ಟೋಪಿ ಕಳಿಸಿದ ಮೇಲೆ ನಿಮಗೆಂದೇ ಒಂದು ತೆಳು ಹತ್ತಿ ನೂಲಿನ ಶಾಲು ಹೆಣೆಯಿರಿ. ರಾತ್ರಿ ಬಸ್ಸಿನ ಎಸಿ, ಧನುರ್ಮಾಸದ ಬೆಳಗಿನ ದೇವಸ್ಥಾನ, ಎರಡಕ್ಕೂ ಆಗುತ್ತದೆ.

ಅದಕ್ಕೆ ನಾನು ಹೇಳುವ ವಿಧಾನ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಎಲಿಜಬೆತ್ ಝಿಮ್ಮರ್‌ಮನ್ ಅವರದು. ಪ್ಯಾಟರ್ನಿಗೆ ಅಂಟಿಕೊಳ್ಳದೆ ತಾವೇ ಲೆಕ್ಕ ಹಾಕಿ ಹೆಣೆಯಲು ಕಳೆದ ಶತಮಾನದ ಹೆಣಿಗೆಯವರಿಗೆ ಧೈರ್ಯ ಕೊಟ್ಟವರು ಅವರು. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವೇ ಈ ಶಾಲಿನ ಜೀವ: ತ್ರಿಜ್ಯ ಎರಡರಷ್ಟಾದರೆ ಪರಿಧಿಯೂ ಎರಡರಷ್ಟು. ನಡುವಿನಲ್ಲಿ 9 ಕುಣಿಕೆಯಿಂದ ಶುರು, ಅದನ್ನು 18 ಮಾಡಿ. ಮೂರು ಸುತ್ತು ನೇರ, 36 ಮಾಡಿ. ಆರು ಸುತ್ತು ನೇರ, 72. ಹನ್ನೆರಡು ಸುತ್ತು, 144. ಇಪ್ಪತ್ನಾಲ್ಕು ಸುತ್ತು, 288. ನಲವತ್ತೆಂಟು ಸುತ್ತು, 576. ನೆನಪಿಡಬೇಕಾದದ್ದು ಇಷ್ಟೇ, ಪ್ರತಿ ಸಲ ಸುತ್ತುಗಳೂ ದುಪ್ಪಟ್ಟು, ಕುಣಿಕೆಗಳೂ ದುಪ್ಪಟ್ಟು. ನಡುವಿನ ಸುತ್ತುಗಳಲ್ಲಿ ಮಾತಾಡುತ್ತಾ, ಟಿವಿ ನೋಡುತ್ತಾ ಹೆಣೆಯಬಹುದು. 10 ಸೆಂ.ಮೀ.ಗೆ 25 ಸುತ್ತಿನ ಹದದಲ್ಲಿ 576ಕ್ಕೆ ಬರುವಾಗ ಶಾಲಿನ ಅಡ್ಡಳತೆ 80 ಸೆಂ.ಮೀ. ಹತ್ತಿರ ಇರುತ್ತದೆ. ಆಮೇಲೆ ಇನ್ನೈವತ್ತು ಸುತ್ತು ಹಾಕಿದರೆ 120 ಆಗುತ್ತದೆ, ಅರ್ಧಕ್ಕೆ ಮಡಚಿ ಹೊದೆಯಲು ಅದು ಹದವಾದ ಅಳತೆ. ಆ ಕೊನೆಯ ಸುತ್ತುಗಳು ಒಂದೊಂದೂ 576 ಕುಣಿಕೆಯವು, ನಿಧಾನ ಅನ್ನಿಸುತ್ತವೆ, ಮೊದಲೇ ಹೇಳಿರುತ್ತೇನೆ. ಲೇಸ್ ಕಲಿಯಬೇಕೆನ್ನಿಸಿದ ದಿನ ಈ ನೇರ ಸುತ್ತುಗಳ ನಡುವೆಯೇ ಒಂದು ಸಾಲು ಕಣ್ಣು ತೆರೆಯಿರಿ. ಅದಕ್ಕೆ ಮುಂಚೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಕುಣಿಕೆಗಳೊಳಗೆ ಹಾಯಿಸಿಟ್ಟರೆ, ತಪ್ಪಿದಾಗ ಬಿಚ್ಚಿದರೂ ಆ ದಾರದ ಹತ್ತಿರ ಬಂದು ನಿಲ್ಲುತ್ತದೆ. ಹತ್ತಿಗೆ ಉಣ್ಣೆಯ ಪುಟಿತ ಇಲ್ಲ, ತನ್ನ ಭಾರಕ್ಕೇ ಇಳಿಬೀಳುತ್ತದೆ. ಇದಕ್ಕೆ ಮಾತ್ರ ಹೊಸ ಸ್ವಾಚ್ ಹೆಣೆದು, ತೊಳೆದು, ಒಂದು ರಾತ್ರಿ ಕ್ಲಿಪ್ ಹಾಕಿ ನೇತುಹಾಕಿ, ಆಮೇಲೆ ಅಳೆಯಿರಿ.

ಚಳ್ಳಕೆರೆಯ ನೂಲನ್ನು ಬೇಡ ಎನ್ನಬೇಡಿ. ಅದು ದಖನಿ ಕುರಿಯ ಉಣ್ಣೆ ಆಗಿರುತ್ತದೆ, ಕುರುಬರು ಕಂಬಳಿ ನೇಯುವ ನೂಲು. ಎಳೆ ಒರಟು, ಮೈಗೆ ಚುಚ್ಚುತ್ತದೆ. ಮಗುವಿನ ಬಟ್ಟೆಗೆ ಖಂಡಿತ ಸಲ್ಲದು. ಆದರೆ ಕೂರುವ ಆಸನ, ಸಂತೆ ಚೀಲ, ಬಾಗಿಲ ಮುಂದಿನ ಚಾಪೆಗೆ ಅದರಷ್ಟು ಬಾಳಿಕೆ ಮೆರಿನೊಗೆ ಎಲ್ಲಿದೆ? ನೆಂಟರ ಹತ್ತಿರ ಒಂದು ಮಾತು ಕೇಳಿ: ಮಗ್ಗಕ್ಕೆಂದು ಹುಣಸೆ ಬೀಜದ ಗಂಜಿ ಹಾಕಿದ ನೂಲೋ, ಹಾಕದ್ದೋ? ಗಂಜಿ ಹಾಕಿದ್ದು ಕಡ್ಡಿಯ ಮೇಲೆ ಹರಿಯುವುದಿಲ್ಲ. ಗಂಜಿ ಕಾಣದ ನೂಲನ್ನೇ ಕೇಳಿ, ಎರಡೆಳೆ ಜೋಡಿಸಿ 6 ಮಿ.ಮೀ. ಕಡ್ಡಿಯಲ್ಲಿ ಒಂದು ಆಸನ ಹೆಣೆಯಿರಿ. ಮನೆಯ ಉಳಿದ ಉಣ್ಣೆಯ ಜೊತೆ ಇಡುವ ಮುಂಚೆ ಬಿಸಿಲಿಗೆ ಹಾಕಿ ಕೊಡವಿ. ಉಣ್ಣೆ ತಿನ್ನುವ ಹುಳ ಇಂಥ ನೂಲಿನಲ್ಲಿ ಮೊಟ್ಟೆ ಇಟ್ಟಿರುವುದುಂಟು.

ಸ್ವೆಟರ್ ಮುಗಿದರೆ ಕೈ ಖಾಲಿಯಾಗುತ್ತದೆ ಎಂಬ ಅಳುಕು ನಿಮ್ಮ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಆದರೂ ನನಗೆ ಕೇಳಿಸಿತು. ತುಂಡುಗಳು ಪಿನ್ನಿನ ಕೆಳಗೆ ಒಣಗುವ ಆ ಎರಡು ಮೂರು ದಿನ ಇದೆಯಲ್ಲ, ಟೋಪಿಯ ರಿಬ್ ಆಗಲೇ ಕಡ್ಡಿಗೆ ಏರಲಿ. ಒಂದು ಚಾಪೆಯ ಮೇಲೆ, ಒಂದು ಕೈಯಲ್ಲಿ.

ಪಾರ್ಸಲ್ ಕಟ್ಟುವ ಮುಂಚೆ ಉಳಿದ ನೂಲಿನಿಂದ ಹತ್ತು ಗ್ರಾಂ ಎತ್ತಿಡಿ. ಅದನ್ನು ಸಣ್ಣ ಲಡಿ ಮಾಡಿ ಸ್ವೆಟರಿನ ತುಂಡುಗಳ ಜೊತೆಗೇ ತೊಳೆದು ಒಣಗಿಸಿ, ಬಣ್ಣ ಇಳಿದರೂ ಎರಡರದೂ ಸಮವಾಗಿ ಇಳಿಯಲಿ. ಒಂದು ಹೆಚ್ಚುವರಿ ಗುಂಡಿ, ಆ ಲಡಿ, ನೂಲಿನ ಲೇಬಲ್, ಮತ್ತೆ ನಿಮ್ಮ ಕೈಬರಹದಲ್ಲಿ 'ತಣ್ಣೀರು, ಮಷಿನ್ನಿನಲ್ಲಿ ಉಣ್ಣೆಯ ಸೈಕಲ್, ನೇತುಹಾಕಬೇಡ, ಹಾಸಿ ಒಣಗಿಸು' ಎಂಬ ಚೀಟಿ, ನಾಲ್ಕನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಸ್ವೆಟರಿನ ಮಡಿಕೆಯೊಳಗೆ ಇಡಿ. ಮೊಣಕೈಯಲ್ಲಿ ತೂತು ಬಿದ್ದ ದಿನ ಮಗಳು ಹುಡುಕುವುದು ಅದನ್ನೇ.